ಆರು ಮಂಚದ ವಾರ್ಡು

ತಮ್ಮನ ಮೊಮ್ಮಗಳಿಗೆ ಹೆರಿಗೆಯಾಯಿತೆಂದು ಮೊನ್ನೆ ಕೋಲಾರದ ಆಸ್ಪತ್ರೆಗೆ ಹೋಗಿದ್ದೆ. ವಾರ್ಡಿನ ಬಾಗಿಲು ದಾಟಿದೆನೋ ಇಲ್ಲವೋ, ಲೈಸಾಲ್ ವಾಸನೆ ಮೂಗಿಗೆ ಹೊಡೆಯಿತು. ಜೊತೆಗಿದ್ದ ತಮ್ಮನ ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಅಲ್ಲೇ ನಿಂತು ಚೆನ್ನಾಗಿ ಒಂದು ಸಲ ಉಸಿರೆಳೆದುಕೊಂಡೆ. "ಯಾಕತ್ತೆ, ತಲೆ ಸುತ್ತುತ್ತಾ?" ಅಂದಳು. ಸುತ್ತುವುದೇನು ಬಂತು, ಮೂವತ್ತು ವರ್ಷ ನನಗೆ ಅನ್ನ ಹಾಕಿದ ವಾಸನೆ ಅದು. ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಷ್ಟು ಹೊತ್ತೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ ಒಂದು ವರ್ಷ. ಎರಡನೇ ಮಹಾಯುದ್ಧ ಶುರುವಾದ ಮರುವರ್ಷ, ದಸರಾ ಕಳೆದಲ್ಲಿಂದ ಮಾವಿನಕಾಯಿ ಬಲಿಯುವವರೆಗೆ, ಶ್ರೀನಿವಾಸಪುರದ ಆಚೆಯ ಒಂದು ಊರಿನಲ್ಲಿ ನಾನು ಕಳೆದ ಕಾಲ. ಊರಿನ ಹೆಸರು ಬರೆಯುವುದಿಲ್ಲ. ಆ ಮನೆಗಳವರ ಮಕ್ಕಳು ಮೊಮ್ಮಕ್ಕಳು ಇನ್ನೂ ಅಲ್ಲೇ ಇದ್ದಾರೆ, ನನ್ನ ಮುಖವೂ ಸ್ವಲ್ಪ ಉಳಿಯಬೇಕಲ್ಲ.

ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಆಗ ನಮ್ಮ ಕಡೆಯವರಿಗೆ ಮಂಚ ಹಾಕಿ ಮಲಗಿಸಿಕೊಳ್ಳುವ ಆಸ್ಪತ್ರೆ ಅಂದರೆ ಕೋಲಾರವೇ. ಮಿಕ್ಕ ಊರುಗಳಲ್ಲಿ ಡಿಸ್ಪೆನ್ಸರಿ ಇರುತ್ತಿತ್ತು, ಡಾಕ್ಟರು ಇರುತ್ತಿದ್ದರು, ಕಾಂಪೌಂಡರ್ ಇರುತ್ತಿದ್ದ. ಮನೆಯಿಂದ ಬಾಟಲಿ ತಂದರೆ ಕೆಂಪು ನೀರೋ ಬಿಳಿ ನೀರೋ ತುಂಬಿ, ಹೊರಗೆ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದ. ಕೆಮ್ಮು, ಕಜ್ಜಿ, ಚಳಿಜ್ವರಕ್ಕೆ ಅಷ್ಟು ಸಾಕು. ಹೆರಿಗೆ ಕಷ್ಟವಾದರೆ ಮಾತ್ರ ಎತ್ತಿನ ಗಾಡಿಗೆ ಹುಲ್ಲು ಹಾಸಿ ಕೋಲಾರಕ್ಕೆ ಹೊಡೆಯಬೇಕು. ನಾನು ಕೋಲಾರದಲ್ಲಿ ಮಿಡ್‌ವೈಫ್ ತರಬೇತಿಯಲ್ಲಿದ್ದಾಗ ಅಂಥ ಗಾಡಿಗಳನ್ನು ಎಷ್ಟು ನೋಡಿದೆನೋ ಲೆಕ್ಕವಿಲ್ಲ. ಗಾಡಿ ಗೇಟಿನೊಳಗೆ ಬರುವ ರೀತಿ ನೋಡಿಯೇ ಅಲ್ಲಿನ ಆಯಾ ಹೇಳಿಬಿಡುತ್ತಿದ್ದಳು. ಎತ್ತುಗಳನ್ನು ಓಡಿಸಿಕೊಂಡು ಬಂದರೆ ಒಳಗೆ ಜೀವ ಇದೆ, ನಡೆಸಿಕೊಂಡು ಬಂದರೆ ಇಲ್ಲ.

ಇದನ್ನು ನೋಡಿ ನೋಡಿ ಸಾಕಾಗಿ ಜಿಲ್ಲೆಯ ದೊಡ್ಡ ಡಾಕ್ಟರು ಒಂದು ಏರ್ಪಾಡು ಮಾಡಿದರು. ಬಸುರಿಯರು ಕೋಲಾರಕ್ಕೆ ಬರುವ ಬದಲು ಕೋಲಾರವೇ ಅವರ ಹತ್ತಿರ ಹೋಗಲಿ ಅಂತ. ಮಾಲೂರಿನ ಕಡೆ ಒಂದು, ಮುಳಬಾಗಿಲಿನ ಕಡೆ ಒಂದು, ಶ್ರೀನಿವಾಸಪುರದ ಕಡೆ ಒಂದು. ಡಿಸ್ಪೆನ್ಸರಿಯ ಪಕ್ಕದಲ್ಲೇ ಆರಾರು ಮಂಚದ ಹೆರಿಗೆ ವಾರ್ಡು, ಒಂದೊಂದಕ್ಕೆ ಒಬ್ಬೊಬ್ಬ ಮಿಡ್‌ವೈಫ್. ಮೂರಕ್ಕೂ ನಕ್ಷೆ ಒಂದೇ. ಉದ್ದನೆಯ ಕೋಣೆ, ರಸ್ತೆಯ ಕಡೆಗೆ ಬಾಗಿಲು, ಬಾಗಿಲಿಗೆ ಎದುರಾಗಿರುವ ಗೋಡೆಗೆ ದಿಂಬಿನ ಭಾಗ ಬರುವಂತೆ ಸಾಲಾಗಿ ಆರು ಕಬ್ಬಿಣದ ಮಂಚ. ಮೂರನೆಯದಕ್ಕೆ ನನ್ನನ್ನು ಹಾಕಿದರು.

ನಾನು ಮಾಲೂರು ತಾಲ್ಲೂಕಿನ ಶಿವಾರಪಟ್ಟಣದವಳು, ವಿಗ್ರಹ ಕೆತ್ತುವವರ ಮನೆಯ ಮಗಳು. ಇಪ್ಪತ್ತೊಂದಕ್ಕೆ ಗಂಡ ಹೋದ. ಮೂಲೆಯಲ್ಲಿ ಕೂರಿಸುವ ಬದಲು ಅಪ್ಪ ನನ್ನನ್ನು ಕೋಲಾರಕ್ಕೆ ಕಳಿಸಿ ಕೆಲಸ ಕಲಿಸಿದ. ಊರು ಬಾಯಿಗೆ ಬಂದಂತೆ ಆಡಿಕೊಂಡಿತು, ಅಪ್ಪ ಉಳಿ ಕೆಳಗಿಡಲಿಲ್ಲ. ಹಾಗಾಗಿ ಇಪ್ಪತ್ತಾರನೇ ವಯಸ್ಸಿಗೆ ಸ್ವಂತ ವಾರ್ಡು ಅಂದರೆ ನನಗೆ ಎಷ್ಟು ಜಂಬ ಇದ್ದಿರಬೇಕು ಹೇಳಿ. ಕೋಲಾರದಿಂದ ಶ್ರೀನಿವಾಸಪುರಕ್ಕೆ ಚಿಕ್ಕ ರೈಲು, ಅಲ್ಲಿಂದ ಜಟಕಾ. ಜಟಕಾದವನಿಗೆ ದಾರಿಯುದ್ದಕ್ಕೂ, "ನಿಮ್ಮ ಕಡೆ ಹೆಂಗಸರು ಇನ್ಮೇಲೆ ಕೋಲಾರದ ದಾರಿ ಮರೀಬಹುದು ಕಣಪ್ಪ" ಅಂತ ಕೊಚ್ಚಿಕೊಂಡೇ ಹೋದೆ.

ವಾರ್ಡು ಮುತ್ತಿನಂತಿತ್ತು. ಸುಣ್ಣ ಹೊಡೆದ ಗೋಡೆ, ಕೆಂಪು ಕಂಬಳಿ, ಬಿಳಿ ಹಾಸು. ಡಾಕ್ಟರ್ ಅನಂತಯ್ಯ ಅಂತ ಇದ್ದರು, ಬೆಂಗಳೂರಿನಲ್ಲಿ ಓದಿದವರು, ಕೈಗುಣ ಒಳ್ಳೆಯದು. ಮಾತಿಗೊಂದು ಸಲ "ಸೈನ್ಸ್" ಅನ್ನದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ. ಕಸ, ನೀರು, ಒಗೆತಕ್ಕೆ ಮುನಿಯಮ್ಮ ಅಂತ ಆಯಾ. ಇಷ್ಟೇ ನಮ್ಮ ಪಟಾಲಮ್ಮು. ಕಾರ್ತಿಕ ಕಳೆಯಿತು, ಮಾರ್ಗಶಿರ ಬಂತು. ಆರು ಮಂಚದ ಹಾಸು ಮಡಿಕೆ ಮುರಿಯಲಿಲ್ಲ.

ಜನ ಬರಲಿಲ್ಲವೆಂದಲ್ಲ. ಡಿಸ್ಪೆನ್ಸರಿಯ ಜಗುಲಿಯ ಮೇಲೆ ದಿನಾ ಸಂತೆ. ಬಸುರಿಯರೂ ಬರುತ್ತಿದ್ದರು, ಹೊಟ್ಟೆ ಮುಟ್ಟಿ ನೋಡಲು ಬಿಡುತ್ತಿದ್ದರು, ಬಾಟಲಿ ತುಂಬಿಸಿಕೊಂಡು ಹೋಗುತ್ತಿದ್ದರು. ನೋವು ಬಂದಾಗ ವಾರ್ಡಿನ ಬಾಗಿಲವರೆಗೂ ಬಂದವರಿದ್ದರು. ಬಾಗಿಲಲ್ಲಿ ನಿಂತು ಒಳಗೆ ನೋಡುವುದು, ಒಬ್ಬರ ಮುಖ ಒಬ್ಬರು ನೋಡುವುದು, "ಮನೇಲಿ ಒಂದು ಮಾತು ಕೇಳ್ಕೊಂಡು ಬತ್ತೀವಿ ನರ್ಸಮ್ಮ" ಅನ್ನುವುದು. ಹೋದವರು ಹೋದವರೇ.

ನಾನು ಸುಮ್ಮನೆ ಕೂರುವ ಪೈಕಿಯಲ್ಲ. ಡಾಕ್ಟರು ಗಂಡಸು ಅಂತ ನಾಚಿಕೆಯೇನೋ ಎಂದು ಮಂಚಗಳ ನಡುವೆ ಸೀರೆ ಕಟ್ಟಿಸಿದೆ. ಊಟ ಆಗದೇನೋ ಎಂದು ಹಿತ್ತಲಲ್ಲಿ ಒಲೆ ಹೂಡಿಸಿ, ಅವರವರ ಮನೆಯವರೇ ಬೇಯಿಸಿಕೊಳ್ಳಲಿ ಅಂದೆ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದೆ. ಡಾಕ್ಟರು ಅದನ್ನು ಕಂಡು "ಸೈನ್ಸ್" ಅಂತ ಶುರುಮಾಡಿದರು, ಸೊಳ್ಳೆಗೆ ಸಾರ್ ಅಂದುಬಿಟ್ಟೆ. ಒಂದು ದಿನ ಒಬ್ಬ ಹೆಂಗಸು ಒಳಗೆ ಬಂದೇ ಬಂದಳು. ಆದರೆ ಮಂಚ ಹತ್ತಲಿಲ್ಲ. ಕೋಣೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದಳು. "ಮಂಚದ ಮೇಲೇ ಮಲಗಬೇಕು, ಅದು ರೂಲು" ಅಂದರು ಡಾಕ್ಟರು. ಅವಳು ಚಾಪೆ ಸುತ್ತಿಕೊಂಡು ಹೊರಟುಹೋದಳು.

ಆಗ ನನಗೆ ಹೊಳೆಯಿತು ನೋಡಿ, ದೊಡ್ಡ ಜ್ಞಾನೋದಯ! ಹುಟ್ಟಿದಾಗಿನಿಂದ ನೆಲದ ಮೇಲೆ ಮಲಗಿದವರು, ಎತ್ತರದ ಮಂಚದಿಂದ ಬಿದ್ದೇವು ಅಂತ ಹೆದರುತ್ತಾರೆ! ಅಷ್ಟೇ! ಮಾರನೆಯ ದಿನವೇ ಬಿದಿರು ತರಿಸಿ, ಆರೂ ಮಂಚಕ್ಕೆ ಎರಡೂ ಮಗ್ಗುಲಲ್ಲಿ ಉದ್ದುದ್ದ ಗಳು ಇಟ್ಟು ಹಗ್ಗದಲ್ಲಿ ಬಿಗಿದು ಕಟ್ಟಿಸಿದೆ. ಬೀಳಬೇಕೆಂದರೂ ಬೀಳುವಂತಿಲ್ಲ. ನನ್ನ ಬುದ್ಧಿವಂತಿಕೆಗೆ ನಾನೇ ತಲೆದೂಗಿದೆ. ಅದಾದ ಮೇಲೆ ಬಾಗಿಲವರೆಗೆ ಬರುತ್ತಿದ್ದವರೂ ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು.

ಇದನ್ನೆಲ್ಲ ನಮ್ಮ ಜಗುಲಿಯ ಕಂಬಕ್ಕೊರಗಿ ಎಲೆಯಡಿಕೆ ಜಗಿಯುತ್ತ ನೋಡುತ್ತಿದ್ದವಳು ಪಾಪಕ್ಕ. ಆ ಊರಿನ ಸೂಲಗಿತ್ತಿ. ಊರಿನ ಅರ್ಧ ಜನರ ಹೊಕ್ಕುಳು ಕೊಯ್ದವಳು. ಮೊದಲ ದಿನವೇ ನಾನು ಅವಳಿಗೆ ಉಗುರು ಕತ್ತರಿಸಿಕೋ, ಕೈ ಲೈಸಾಲಿನಲ್ಲಿ ತೊಳೆದುಕೋ ಅಂತ ಪಾಠ ಹೇಳಿದ್ದೆ. "ಆಗ್ಲಮ್ಮಾಯಿ, ನೀನು ಮೊದ್ಲು ಒಂದು ಹೆತ್ತು ತೋರ್ಸು, ಆಮೇಲೆ ಕತ್ತರಿಸ್ತೀನಿ" ಅಂದಿದ್ದಳು. ಆವತ್ತಿನಿಂದ ನಮ್ಮಿಬ್ಬರಿಗೂ ಎಣ್ಣೆ ಸೀಗೆಕಾಯಿ.

ಸಂಕ್ರಾಂತಿಯ ಹೊತ್ತಿಗೆ ಕೋಲಾರದಿಂದ ಕಾಗದ ಬಂತು. ಮುಳಬಾಗಿಲಿನ ಕಡೆಯ ವಾರ್ಡಿನಲ್ಲಿ ಜಾಗ ಸಾಲದೆ ಬಾಣಂತಿಯರು ಎರಡು ಮಂಚದ ನಡುವೆ ನೆಲದ ಮೇಲೆ ಮಲಗುತ್ತಿದ್ದಾರೆ, ಯುಗಾದಿಯವರೆಗೆ ನೋಡುತ್ತೇವೆ, ಆಮೇಲೂ ಖಾಲಿ ಇದ್ದರೆ ಆರು ಮಂಚವನ್ನೂ ಮಿಡ್‌ವೈಫನ್ನೂ ಅಲ್ಲಿಗೆ ಕಳಿಸಬೇಕು ಅಂತ. ಅವರು ಬರೆದದ್ದರಲ್ಲಿ ತಪ್ಪೇನಿದೆ? ಆದರೆ ಓದಿ ನನಗೆ ಅಳು ಬಂತು. ಮಂಚ ಹೋದರೆ ಈ ಕಡೆಯ ಹೆಂಗಸರಿಗೆ ಮತ್ತೆ ಅದೇ ಹುಲ್ಲಿನ ಗಾಡಿ, ಅದೇ ಕೋಲಾರದ ದಾರಿ.

ನನಗೆ ಅವಸರವಿದ್ದದ್ದಕ್ಕೆ ಇನ್ನೊಂದು ಕಾರಣ ಗಂಗುಲಮ್ಮ. ಹತ್ತೊಂಬತ್ತು ವರ್ಷದ ಹುಡುಗಿ. ಚೊಚ್ಚಲು ಮಗು ಎರಡು ದಿನ ಸಿಕ್ಕಿಕೊಂಡು ಹೋಗಿತ್ತು. ಈಗ ಎರಡನೆಯ ಬಸಿರು, ಮಾಘದಲ್ಲಿ ದಿನ ತುಂಬುತ್ತಿತ್ತು. ಕಟಿ ಕಿರಿದು, ಡಾಕ್ಟರು ಇಕ್ಕಳ ಹಾಕಿ ಎಳೆಯದೆ ಮಗು ಬರುವುದಿಲ್ಲ, ಅದು ಮನೆಯ ಕತ್ತಲ ಕೋಣೆಯಲ್ಲಿ ಆಗುವ ಕೆಲಸವಲ್ಲ ಅಂತ ನನಗೆ ಗೊತ್ತಿತ್ತು. ವಾರವಾರವೂ ಅವಳ ಮನೆಗೆ ಹೋಗಿ ಅತ್ತೆ ಬಚ್ಚಮ್ಮನ ಮುಂದೆ ಕೂತೆ. ಬಚ್ಚಮ್ಮ ಕೆಟ್ಟ ಹೆಂಗಸಲ್ಲ. "ಕರ್ಕೊಂಡ್ ಬತ್ತೀನಿ ತಾಯಿ, ನಂಗೂ ಆ ಮಗೀನ ಅಳು ಕೇಳೋ ಆಸೆ ಇಲ್ವಾ" ಅಂತ ನನ್ನ ಕೈ ಹಿಡಿದು ಮಾತು ಕೊಟ್ಟಳು.

ಕೊಟ್ಟ ಮಾತಿಗೆ ಬಂದಳು ಕೂಡ. ಮಾಘದ ಒಂದು ಬೆಳಗ್ಗೆ. ಮಾವಿನ ತೋಪುಗಳೆಲ್ಲ ಹೂ ಬಿಟ್ಟು ಊರೆಲ್ಲ ಘಮ್ಮೆನ್ನುತ್ತಿತ್ತು. ಗಾಡಿಯಿಂದ ಗಂಗುಲಮ್ಮನನ್ನು ಇಳಿಸಿಕೊಂಡು, ಒಂದು ಕಡೆ ಬಚ್ಚಮ್ಮ, ಇನ್ನೊಂದು ಕಡೆ ಪಾಪಕ್ಕ. ನಾನು ಓಡಿಹೋಗಿ ಬಾಗಿಲು ಪೂರ್ತಿ ತೆಗೆದೆ. ಬಚ್ಚಮ್ಮ ಹೊಸಿಲಿನ ಮೇಲೆ ಕಾಲಿಡಲು ಹೋದವಳು ತಲೆ ಎತ್ತಿ ಮಂಚದ ಸಾಲು ನೋಡಿದಳು. ಅವಳ ಮುಖ ಸುಣ್ಣವಾಯಿತು. ಸೊಸೆಯ ಕಣ್ಣಿಗೆ ಸೆರಗು ಅಡ್ಡ ಹಿಡಿದು, ಒಂದು ಮಾತೂ ಆಡದೆ, ಬಂದ ಗಾಡಿಗೇ ಹತ್ತಿಸಿದಳು. ನಾನು ಕೂಗಿದೆ, ಬೇಡಿಕೊಂಡೆ. ಗಾಡಿ ನಿಲ್ಲಲಿಲ್ಲ.

ಚೀಲ ಹಿಡಿದುಕೊಂಡು ಹಿಂದೆಯೇ ಓಡಿದೆ. ಮನೆಯಲ್ಲಿ ಪರೀಕ್ಷೆ ಮಾಡಲು ಬಿಟ್ಟರು. ನಾನು ಅಂದುಕೊಂಡಂತೆಯೇ ಆಗಿತ್ತು. ಮಗುವಿನ ತಲೆ ಕೆಳಗಿಳಿಯದೆ ಮೇಲೇ ನಿಂತಿದೆ, ಹುಡುಗಿ ಸೋತು ಬೆವರಿನಲ್ಲಿ ತೊಯ್ದಿದ್ದಾಳೆ. ವಾರ್ಡಿಗೆ ಹೊರಡಿ ಅಂದೆ. ಯಾರೂ ಕದಲಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು. "ಇವಳು ಸತ್ತರೆ ನೀವೇ ಹೊಣೆ!" ಎಂದು ಕಿರುಚಿಬಿಟ್ಟೆ.

ಆ ಕೋಣೆಯಲ್ಲಿ ಆ ಮಾತು! ಬಚ್ಚಮ್ಮ ಕಿವಿ ಮುಚ್ಚಿಕೊಂಡು ಕುಸಿದು ಕೂತಳು. ಮುದುಕಿಯೊಬ್ಬಳು "ಒದ್ದಮ್ಮಾ ಒದ್ದು, ಆ ಮಾಟ ಒದ್ದು" ಅಂತ, ಆ ಮಾತು ಬೇಡವೆಂದು ತೆಲುಗಿನಲ್ಲಿ ಬಡಬಡಿಸುತ್ತ ದೇವರ ಗೂಡಿನ ಕಡೆಗೆ ಓಡಿದಳು. ಪಾಪಕ್ಕ ನನ್ನ ರಟ್ಟೆ ಹಿಡಿದು, ದರದರ ಎಳೆದುಕೊಂಡು ಹೋಗಿ ಕೊಟ್ಟಿಗೆಯ ಹಿಂದೆ ನಿಲ್ಲಿಸಿದಳು.

"ಏನೇ, ಬುದ್ಧಿ ಐತಾ ನಿಂಗೆ? ನೋಯ್ತಾ ಇರೋಳ ಮುಂದೆ ಆ ಮಾತ್ ಆಡ್ತಾರಾ?"

"ಆಡದೆ ಏನ್ ಮಾಡ್ಲಿ ಪಾಪಕ್ಕ? ಬಾಗಿಲ ತನಕ ಬಂದು ವಾಪಸ್ ಹೋದ್ರಿ. ಯಾಕೆ ಅಂತ ಒಬ್ಬರಾದ್ರೂ ಬಾಯಿ ಬಿಟ್ರಾ? ನಾಲ್ಕು ತಿಂಗಳಿಂದ ಕೇಳ್ತಿದೀನಿ!"

"ಹೆಂಗೇ ಬಾಯ್ ಬಿಡಾದು? ಬಸುರಿ ಹೆಂಗ್ಸನ್ನ ಪಕ್ಕದಾಗ್ ಇಟ್ಕಂಡು ಅದನ್ನ ಬಾಯಲ್ಲಿ ಅನ್ನಕ್ಕಾಯ್ತದಾ? ನಾನು ಒಬ್ಬಳೇ ಇದ್ದಾಗ ಕೇಳ್ದ್ಯಾ? ಯಾವಾಗ್ಲೂ ಅವಳ ಹೊಟ್ಟೆ ಮುಟ್ಕಂಡೇ ಕೇಳ್ತೀಯ." ಪಾಪಕ್ಕ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ನಿಮ್ಮ ಮಂಚದ ದಿಂಬು ಯಾವ ದಿಕ್ಕಿಗೈತೆ?"

ನಾನು ಯೋಚಿಸಬೇಕಾಯಿತು. ನಮ್ಮ ವಾರ್ಡಿನ ಮುಂದಿನ ರಸ್ತೆ ದಕ್ಷಿಣಕ್ಕೆ. ಎದುರಿನ ಗೋಡೆ ಉತ್ತರಕ್ಕೆ.

"ಆರಕ್ಕಾರೂ ಉತ್ತರಕ್ಕೆ ತಲೆ" ಅಂದಳು ಪಾಪಕ್ಕ. "ಕಾಲು ಎತ್ತ ಚಾಚ್ತದೆ? ತೆಂಕಲಿಗೆ. ಅಲ್ಲಿರೋನು ಯಾರು ಅಂತ ನನ್ನ ಬಾಯಲ್ಲಿ ಹೇಳುಸ್ಬೇಡ. ಅದೂ ಸಾಲ್ದು ಅಂತ ಎರಡು ಮಗ್ಗಲಿಗೂ ಬಿದ್ರು ಬೇರೆ ಕಟ್ಟಿಸ್ದೆ. ಚಟ್ಟ ಕಟ್ಟಿಟ್ಟು, ಬಾರಮ್ಮ ಮಲಕ್ಕೋ ಅಂದ್ರೆ ಯಾರೇ ಬತ್ತಾರೆ?"

ಭೂಮಿ ಬಾಯ್ತೆರೆಯಬಾರದೇ ಅನ್ನಿಸಿತು. ಯಾವ ಮೂರ್ತಿ ಯಾವ ದಿಕ್ಕಿಗೆ ನಿಲ್ಲಬೇಕು ಅನ್ನುವ ಮಾತನ್ನು ಕೇಳಿಕೊಂಡೇ ಬೆಳೆದವಳು ನಾನು. ನನ್ನ ಮನೆಯಲ್ಲಿ ನಾನೇ ಒಂದು ದಿನ ಉತ್ತರಕ್ಕೆ ತಲೆಯಿಟ್ಟವಳಲ್ಲ. ಆದರೆ ಆಸ್ಪತ್ರೆಯ ಮಂಚ ನನಗೆ ಮಲಗುವ ಜಾಗವಾಗಿರಲೇ ಇಲ್ಲ; ಪಕ್ಕದಲ್ಲಿ ನಿಂತು ಕೆಲಸ ಮಾಡುವ ಜಾಗ. ಕೋಲಾರದಲ್ಲಿ ನಾಲ್ಕು ದಿಕ್ಕಿಗೂ ಮಂಚಗಳಿದ್ದವು, ಒಬ್ಬರೂ ತಕರಾರು ಮಾಡುತ್ತಿರಲಿಲ್ಲ. ಎಲ್ಲ ದಾರಿಯೂ ಮುಚ್ಚಿ ಕೊನೆಗೆ ಅಲ್ಲಿಗೆ ಬಂದವರು ದಿಕ್ಕು ನೋಡುತ್ತಾರೆಯೇ? ತಮ್ಮ ಊರಿನಲ್ಲಿ, ಬುದ್ಧಿ ಸ್ಥಿಮಿತದಲ್ಲಿರುವಾಗ ಬರುವವರು ನೋಡುತ್ತಾರೆ. ಇಷ್ಟು ನನಗೆ ತಿಳಿದಿರಲಿಲ್ಲ. ಮಾಲೂರಿನ ಕಡೆ ಬಾಗಿಲು ಪಶ್ಚಿಮಕ್ಕೆ ಬಿದ್ದು ತಲೆ ಪೂರ್ವಕ್ಕಾಗಿತ್ತು, ಮುಳಬಾಗಿಲಿನ ಕಡೆ ತಲೆ ದಕ್ಷಿಣಕ್ಕಾಗಿತ್ತು. ಅದೇ ನಕ್ಷೆ ನಮ್ಮಲ್ಲಿ ಮಾತ್ರ ಹೀಗೆ ಕೂತಿತ್ತು.

"ಪಾಪಕ್ಕ, ಗಾಡಿ ಹೂಡಿಸಿರಿ. ನೀವು ಬರೋದರೊಳಗೆ ತಿರುಗಿಸಿರ್ತೀನಿ" ಅಂತ ಅವಳ ಕೈ ಹಿಡಿದುಕೊಂಡು ಹೇಳಿ, ಬಿದ್ದೆನೋ ಎದ್ದೆನೋ ಎಂದು ಓಡಿದೆ.

ಮುನಿಯಮ್ಮ ಕುಡುಗೋಲಿನಲ್ಲಿ ಹಗ್ಗ ಕೊಯ್ದು ಬಿದಿರನ್ನು ಹಿತ್ತಲಿಗೆಸೆದಳು. ಇಬ್ಬರೂ ಸೇರಿ ಮಂಚಗಳನ್ನು ಎಳೆದೆಳೆದು ತಿರುಗಿಸತೊಡಗಿದೆವು. ಕಾಲು ಗೋಡೆಗೆ, ತಲೆ ಕೋಣೆಯ ನಡುವಿಗೆ. ಕಬ್ಬಿಣ ಕಲ್ಲಿನ ಮೇಲೆ ಕಿರ್ರೋ ಎಂದದ್ದಕ್ಕೆ ಡಾಕ್ಟರು ಊಟದಿಂದೆದ್ದು ಬಂದರು.

"ಏನಮ್ಮ ಇದು? ಯಾರು ಹೇಳಿದ್ದು?"

"ಪಾಪಕ್ಕ ಸಾರ್. ಉತ್ತರಕ್ಕೆ ತಲೆ ಇದೆ ಅಂತ ಯಾರೂ ಬರ್ತಿಲ್ಲ."

"ಸೂಲಗಿತ್ತಿ ಹೇಳಿದಳು ಅಂತ ಸರ್ಕಾರದ ವಾರ್ಡು ತಿರುಗಿಸ್ತೀರಾ? ನಾಳೆ ದೊಡ್ಡವರು ಬಂದು ಕೇಳಿದರೆ ಏನು ಹೇಳಲಿ? ಸೈನ್ಸಿನಲ್ಲಿ ಉತ್ತರ ದಕ್ಷಿಣ ಅಂತ ಇದೆಯೇನಮ್ಮ?"

ನನಗೆ ಹೆದರಿಕೆ ಹೊರಟುಹೋಗಿತ್ತು. "ಸಾರ್, ಮನೆಯಲ್ಲಿ ನಿಮ್ಮ ಹಾಸಿಗೆಯ ತಲೆ ಯಾವ ಕಡೆಗಿದೆ?" ಅಂದೆ.

ಅವರು ಬಾಯಿ ತೆರೆಯುವ ಮೊದಲೇ, ಅವರ ಮನೆಯ ಕಸವನ್ನೂ ಗುಡಿಸುತ್ತಿದ್ದ ಮುನಿಯಮ್ಮ ಮಂಚದ ಕಾಲು ಬಿಡದೆ ಹೇಳಿದಳು: "ಅಯ್ಯನೋರ್ದು ಮೂಡ್ಲಕ್ಕೆ ಕಣಮ್ಮ. ದಿನಾ ನಾನೇ ಅಲ್ವಾ ಸುತ್ತಿಡೋದು."

ಅನಂತಯ್ಯನವರು ಎಂಜಲು ಕೈ ತೊಳೆದು ಬಂದು, "ಆ ಕಡೆ ಹಿಡೀರಮ್ಮ, ನೆಲ ಕೆರೆಯಬೇಡಿ, ಎತ್ತಿ" ಅಂದರು.

ಗಾಡಿ ಬಂತು. ಬಚ್ಚಮ್ಮ ಬಾಗಿಲಲ್ಲಿ ನಿಂತು, ಸಾಲನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿ, ಸೊಸೆಯ ಕಣ್ಣಿಗೆ ಹಿಡಿದಿದ್ದ ಸೆರಗು ತೆಗೆದಳು. ಮಧ್ಯಾಹ್ನ ಮೂರರ ಹೊತ್ತಿಗೆ ಡಾಕ್ಟರು ಇಕ್ಕಳ ಹಾಕಿ ಮಗುವನ್ನು ತೆಗೆದರು. ಮಗು ನೀಲಿಗಟ್ಟಿತ್ತು, ಉಸಿರಿಲ್ಲ. ನನ್ನ ಕೈ ತಾಯಿಯ ಹೊಟ್ಟೆಯ ಮೇಲಿತ್ತು, ಬಿಡುವಂತಿರಲಿಲ್ಲ. ಪಾಪಕ್ಕ ತಾನಾಗಿಯೇ ಲೈಸಾಲಿನ ಬೋಗುಣಿಯಲ್ಲಿ ಮೊಣಕೈತನಕ ಅದ್ದಿ ತೊಳೆದುಕೊಂಡು, ಮಗುವನ್ನು ಇಸಿದುಕೊಂಡು, ಬೆರಳಿಗೆ ಬಟ್ಟೆ ಸುತ್ತಿ ಗಂಟಲು ತೆಗೆದು ಬೆನ್ನಿಗೊಂದು ಕೊಟ್ಟಳು. ಅಳು ಕೇಳಿಸಿತು. "ಏನು ಮಗು?" ಅಂತ ಹೊರಗಿಂದ ಬಚ್ಚಮ್ಮ. "ಹೆಣ್ಣು" ಅಂದೆ. "ಇರ್ಲಿ ಬಿಡು, ಅಳ್ತದಲ್ಲ" ಅಂತ ಹೇಳಿ ಅವಳೂ ಅತ್ತಳು, ನಾನೂ ಅತ್ತೆ.

ಆಮೇಲಿನದಕ್ಕೆ ನಾನು ಬೆವರು ಸುರಿಸಬೇಕಾಗಲಿಲ್ಲ. ಪಾಪಕ್ಕ ಹೇಳಿದರೆ ಆಯಿತು. ಅವಳೇ ಕೈಹಿಡಿದು ಕರೆತರುತ್ತಿದ್ದಳು, ಬಂದವರ ಮುಂದೆ ತನ್ನ ಮೋಟು ಉಗುರು ತೋರಿಸಿ, "ಈ ನರ್ಸಮ್ಮ ರಾಕ್ಷಸಿ ಕಣ್ರೇ, ನನ್ನೂ ಬಿಡ್ಲಿಲ್ಲ" ಅನ್ನುತ್ತಿದ್ದಳು. ಯುಗಾದಿಗೆ ಎಂಟು ದಿನ ಇರುವಾಗ ಕೋಲಾರದಿಂದ ದೊಡ್ಡ ಡಾಕ್ಟರು ತಪಾಸಣೆಗೆ ಬಂದರು. ಐದು ಮಂಚದ ಮೇಲೆ ಬಾಣಂತಿಯರು. ತಲೆ ನಡುವಿಗಿದ್ದದ್ದನ್ನು ಕಂಡು ಹುಬ್ಬೇರಿಸಿದರು. "ಇಲ್ಲಿ ಗಾಳಿ ಬಾಗಿಲ ಕಡೆಯಿಂದ ಬರುತ್ತೆ ಸಾರ್, ಮುಖಕ್ಕೆ ಶುದ್ಧವಾದ ಗಾಳಿ ಸಿಗಲಿ ಅಂತ. ಸೈನ್ಸ್" ಅಂದರು ಅನಂತಯ್ಯನವರು. ನಾನು ನಗು ತಡೆಯಲು ಕೆಮ್ಮಿದೆ. ಮಂಚಗಳು ನಮ್ಮಲ್ಲೇ ಉಳಿದವು. ಮುಳಬಾಗಿಲಿನ ಕಡೆಗೆ ಬೇರೆ ಮಂಚ ಕಳಿಸಿದರು.

ಆ ದಿನಗಳಲ್ಲಿ ನಾನು ಗೆದ್ದ ಎತ್ತಿನಂತೆ ಓಡಾಡುತ್ತಿದ್ದೆ. ಮಂಚ ತಿರುಗಿಸಿದ ಕಥೆಯನ್ನು ಕಂಡಕಂಡವರಿಗೆಲ್ಲ ಹೇಳಿ ನಗಿಸುತ್ತಿದ್ದೆ, ಬಿದಿರಿನ ಸಂಗತಿಯನ್ನೂ ಬಿಡದೆ.

ವೈಶಾಖದಲ್ಲಿ, ತೋಪುಗಳಲ್ಲಿ ಕಾಯಿ ಕೀಳುತ್ತಿದ್ದಾಗ, ಒಂದು ಬೆಳಗ್ಗೆ ಹಳ್ಳಿಯ ಗಾಡಿಯೊಂದು ಬಂದು ನಿಂತಿತು. ಮೂವತ್ತರ ಆಸುಪಾಸಿನ ಒಬ್ಬ ಗಂಡಸು, ನೋವು ತಿನ್ನುತ್ತಿದ್ದ ತಂಗಿಯನ್ನು ತೋಳಿನಲ್ಲಿ ಆನಿಸಿಕೊಂಡು ಇಳಿಸಿದ. ನನಗೆ ಮುಖದ ಗುರುತು ಸಿಕ್ಕಿತು. ಸಂಕ್ರಾಂತಿಯ ಹಿಂದೆಮುಂದೆ ಹೆಂಡತಿಯನ್ನು ಕರೆದುಕೊಂಡು ಬಂದು, ಬಾಗಿಲಲ್ಲಿ ನಿಂತು ನೋಡಿ, 'ಕೇಳ್ಕೊಂಡು ಬತ್ತೀವಿ' ಎಂದು ಹೋದವರಲ್ಲಿ ಇವನೂ ಒಬ್ಬ. ನಾನು ನಗುನಗುತ್ತ ಎದುರು ಹೋದೆ. "ಏನಣ್ಣ, ಆವತ್ತು ಹೋದೋರು ಪತ್ತೇನೇ ಇಲ್ಲ! ಹೆಂಡ್ತಿ ಚೆನ್ನಾಗಿದಾರಾ? ಮಗು ಏನು?"

ಅವನು ನನ್ನ ಕಡೆ ನೋಡಲಿಲ್ಲ. ಹೊಸಿಲಿನ ಹೊರಗೇ ನಿಂತು ಮಂಚಗಳನ್ನು ನೋಡುತ್ತಿದ್ದ.

"ತಿರುಗ್ಸಿದೀರಾ" ಅಂದ.

"ಹೂಂ ಅಣ್ಣ."

"ಯಾವಾಗ?"

"ಮಾಘದಲ್ಲಿ."

ಹೆಬ್ಬೆರಳನ್ನು ಬೆರಳ ಗೆಣ್ಣಿನ ಮೇಲೆ ಇಟ್ಟು ಎಣಿಸಿದ. ಎಣಿಸುವುದಕ್ಕೆ ಹೆಚ್ಚೇನೂ ಇರಲಿಲ್ಲ. "ನಮ್ಮೋಳು ಪುಷ್ಯದಾಗ್ ಹೋದ್ಲು. ಕೋಲಾರದ ದಾರೀಲಿ. ಒಂದು ತಿಂಗ್ಳು" ಅಂದ.

ಅವನ ಕಾಲಿಗೆ ಬೀಳಬೇಕೆನ್ನಿಸಿತು, ಬೀಳಲಿಲ್ಲ. ಬಯ್ಯಲಿ, ಹೊಡೆಯಲಿ, ಊರು ಕೂಡಿಸಿ ಕೂಗಾಡಲಿ ಎಂದು ಕಾಯುತ್ತ ನಿಂತೆ. ಅವನು ಹೆಗಲ ಮೇಲಿನ ಟವಲಿನಿಂದ ತಂಗಿಯ ಮುಖದ ಬೆವರು ಒರೆಸಿದ.

"ಯಾವ ಮಂಚಕ್ಕೆ ಮಲಗಿಸ್ಲಿ ನರ್ಸಮ್ಮ, ಇವಳ್ನ?" ಅಂದ.